ಕುಂಕುಮದ ಕೆಳಗಿನ ಬಿರುಕು

ಹುಣಸೂರಿನ ಹಳೆ ಯಂತ್ರಗಳ ಅಂಗಡಿಯಲ್ಲಿ, ಕಬ್ಬಿಣಕ್ಕೆ ತೂತು ಕೊರೆಯುವ ಕೈಯಂತ್ರವೊಂದಕ್ಕೆ ಅಪ್ಪ ಕೈಮುಗಿದೇಬಿಟ್ಟರು. ಬೇಸಾಯದ ಜೊತೆಗೆ ಗಾಡಿ ರಿಪೇರಿ ಶುರುಮಾಡಲು ಎಮ್ಮೆ ಮಾರಿ ಬಂದಿದ್ದೆವು, ಬೆಲೆಯೂ ಕೈಗೆಟುಕುವಂತಿತ್ತು. ಆದರೆ ಅದನ್ನು ತಿರುಗಿಸುವ ಚಕ್ರದ ಒಂದೇ ಕಡೆ ಅಷ್ಟು ದಪ್ಪ ಕುಂಕುಮ ಏಕೆ? ಪೂಜೆಯಾದ ಯಂತ್ರದಲ್ಲಿ ಕುಂದು ಹುಡುಕಬಾರದೆಂಬುದು ಅಪ್ಪನ ನಂಬಿಕೆ. ಕಾರಣ ಕೇಳದೆ ಒಪ್ಪಬಾರದೆಂಬುದು ನನ್ನದು. ಒರೆಸಿ ನೋಡಿದರೆ ಕೆಳಗೆ ಬಿರುಕು.

“ನಿಮ್ ಹುಡುಗಂಗೆ ವಾದ ಜಾಸ್ತಿ ಕಣ್ರೀ,” ಎಂದ ಅಂಗಡಿಯವನು.

ಮನೆಯಲ್ಲಿ ದಿನವೂ ನನ್ನ ಬಾಯಿ ಮುಚ್ಚಿಸುವ ಅಪ್ಪ, “ಅದ್ಕೇ ಕಣ್ರೀ ಕರ್ಕಂಡ್ ಬಂದಿರೋದು. ಕುಂಕುಮ ಇಲ್ದೇ ಇರೋದ್ ಒಂದ್ ತೋರ್ಸಿ,” ಎಂದರು.

ಬೇರೊಂದನ್ನು ಆರಿಸಿ ತಂದೆವು. ಕಾಲೇಜಿನ ಚರ್ಚಾಸ್ಪರ್ಧೆ ಗೆದ್ದಾಗಲೂ ನಾನಷ್ಟು ಬೀಗಿರಲಿಲ್ಲ. ಈಗಲೂ ಆಯುಧಪೂಜೆಯ ದಿನ, ನಾನು ಯಂತ್ರವನ್ನು ಸುತ್ತಲೂ ನೋಡಿ ಮುಗಿಸುವವರೆಗೆ ಅಪ್ಪ ಕುಂಕುಮದ ಬಟ್ಟಲು ಹಿಡಿದು ಕಾಯುತ್ತಾರೆ.