ನಿಲ್ಲದೆ ನೋಡಿದ ಎರ್ಲಡ್ಡು

ಹೊಸಪೇಟೆಯಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಫೋನಿಗೆ ಸುದ್ದಿ ಬಂತು: ಕಂಪ್ಲಿ ದಾಟಿ ಎರೆ ಹೊಲದಲ್ಲಿ ಎರ್ಲಡ್ಡು ಕಂಡಿದೆ. ಕುರಿಯಷ್ಟು ಎತ್ತರದ, ಬಿಳಿ ಕುತ್ತಿಗೆಯ ಹಕ್ಕಿ ಅದು. ನಮ್ಮ ಸೀಮೆಯಲ್ಲಿ ಮುಗಿದೇ ಹೋಯಿತು ಎನ್ನುವಷ್ಟು ಅಪರೂಪ.

ನಾನು, ನನ್ನ ಗಂಡ ಸೈಕಲ್ ಮೇಲೆ ಊರು ಸುತ್ತಲು ಹೊರಟವರು. ಹಿಂದಿನ ದಿನ ಹಂಪಿ ಮುಗಿದಿತ್ತು. ಅಂದು ಸಂಡೂರಿನ ಗುಡ್ಡದ ದಾರಿ. ಕಂಪ್ಲಿ ಬೇರೆಯೇ ದಿಕ್ಕು.

"ಹಕ್ಕಿ ಹಿಂದ ಓಡೂ ವಯಸ್ಸೇನ ಇದು?" ಎಂದರು ಅವರು.

"ಗುಡ್ಡ ಹತ್ತೂ ವಯಸ್ಸೂ ಅಲ್ಲ. ಆದ್ರೂ ಹೊಂಟಿಲ್ಲೇನ್ರಿ?"

ಸುದ್ದಿ ಕಳಿಸಿದ ಪರಿಚಯದವರೇ ಫೋನ್ ಮಾಡಿದರು. "ಕಾರಿನ್ಯಾಗ ಜಾಗ ಐತ್ರಿ ಮೇಡಂ, ಜಲ್ದಿ ಬರ್ರಿ. ನೀವು ಸೈಕಲ್ ತುಳಕೊಂಡು ಬರೂದ್ರಾಗ ಹಕ್ಕಿ ಮುದಿ ಆಗಿರ್ತೈತಿ."

ಬ್ಯಾಡ ಎಂದೆ.

ನಮ್ಮಜ್ಜನ ಎತ್ತಿನ ಬಂಡಿಯ ಪಕ್ಕದಲ್ಲೇ ಎರ್ಲಡ್ಡು ಮೇಯುತ್ತಿತ್ತಂತೆ. ಬಂಡಿ ಸಾಗುತ್ತಿರುವ ತನಕ ಅದಕ್ಕೆ ಹೆದರಿಕೆಯಿಲ್ಲ; ನಿಂತರೆ ಹಾರಿತು. ಅದಕ್ಕೇ ಅಜ್ಜ ನಿಲ್ಲಿಸುತ್ತಿರಲಿಲ್ಲ. ಆ ಬಂಡಿಯಲ್ಲಿ ನಾನೂ ಇದ್ದೆನೆಂದು, ಕೈ ತೋರಿಸಿ ಕೂಗಿದೆನೆಂದು ಮನೆಯವರೆಲ್ಲ ಹೇಳುತ್ತಾರೆ. ನನಗೆ ನೆನಪಿಲ್ಲ. ಬೇರೆಯವರು ಹೊಲಿದುಕೊಟ್ಟ ನೆನಪನ್ನು ನಾನು ತೊಡಲಾರೆ. ನನ್ನ ಕಣ್ಣಿನದೇ ಎರ್ಲಡ್ಡು ಬೇಕಿತ್ತು ನನಗೆ. ಕಾರಾದರೆ ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ಕ್ಯಾಮೆರಾಗಳು ಇಳಿಯುತ್ತವೆ. ಸೈಕಲ್ಲು ಬಂಡಿಯ ಜಾತಿ.

"ಸಿಗಲಿಲ್ಲಂದ್ರ?" ಗಂಡ ಕೇಳಿದರು.

"ಸಿಗಲಿಲ್ಲ ಅಂತ ನಾನೇ ಹೇಳ್ತೀನಿ. ನೀವು ಸಂಡೂರಿಗೆ ಹೋಗ್ರಿ."

"ಹಟಮಾರಿ," ಎಂದು ನನ್ನ ಬಾಟಲಿಗೆ ನೀರು ತುಂಬಿಸಿ ಕೊಟ್ಟು, ತಾವು ಸಂಡೂರಿನ ದಾರಿ ಹಿಡಿದರು.

ಎದುರುಗಾಳಿ ಇತ್ತೆಂದು ಬರೆದರೆ ಓದಲು ಚೆನ್ನ, ಇತ್ತೋ ಇಲ್ಲವೋ. ಮಂಡಿ ನೋಯುತ್ತಿದ್ದುದು, ಭತ್ತದ ಹೊಟ್ಟು ಕಣ್ಣಿಗೆ ಬಿದ್ದದ್ದು ಮಾತ್ರ ನಿಜ.

ಹೊಲದ ಹತ್ತಿರ ಕಾರಿನವರು ಎದುರಾದರು. "ಹೋತ್ರಿ ಮೇಡಂ. ನಾವು ಇಳಿದ್ವಿ, ಅದು ಹಾರಿಬಿಡ್ತು. ವಾಪಸ್ ನಡೀರಿ."

ನಾನು ಬಂಡಿದಾರಿ ಹಿಡಿದು ಮುಂದಕ್ಕೇ ತುಳಿದೆ.

ತುಸು ದೂರ ಹೋದ ಮೇಲೆ, ಜೋಳದ ಕೂಳೆಯ ಆಚೆ, ಜಾಲಿಯ ಪಕ್ಕ ಬಿಳಿಯದೇನೋ ನೆಟ್ಟಗೆ ಎದ್ದಿತು. ಕುತ್ತಿಗೆ. ಕಪ್ಪು ನೆತ್ತಿ. ಕೈ ತಾನಾಗಿ ಬ್ರೇಕಿಗೆ ಹೋಯಿತು. ಒತ್ತಲಿಲ್ಲ. ಎದೆಗೆ ಬಡಿಯುತ್ತಿದ್ದ ದುರ್ಬೀನನ್ನು ಎತ್ತಲಿಲ್ಲ. ಸಾಗುತ್ತಲೇ ಇದ್ದೆ. ಅದು ಒಂದು ಹೆಜ್ಜೆ ಇಟ್ಟು, ಬಗ್ಗಿ ಏನನ್ನೋ ಕುಕ್ಕಿತು. ನನ್ನ ಕಡೆ ನೋಡಿತೆ? ಬೇಡ, ಅಷ್ಟು ಚೆಂದ ಮಾಡುವುದು ಬೇಡ. ದಾರಿ ತಿರುಗಿತು; ಜಾಲಿ ಮರೆಯಾಯಿತು.

ಸಂಜೆ ಕಂಪ್ಲಿಯಲ್ಲಿ ಚಹಾ ಕುಡಿಯುವಾಗ ಮತ್ತೆ ಆ ಕಾರಿನ ಪರಿಚಯದವರದೇ ಫೋನ್. ಕಂಡೆ ಎಂದೆ.

"ಫೋಟೊ ಐತೇನ್ರಿ?"

"ಇಲ್ಲ."

"ಹಂಗಾರ ಯಾರ್ ನಂಬತಾರ್ರಿ?"

"ನಂಬಬ್ಯಾಡ್ರಿ."

"ಎಲ್ಲಿತ್ರಿ? ಲೊಕೇಶನ್ ಕಳಸ್ರಿ, ನಾಳೆ ಮತ್ತ ಬರ್ತೀವಿ."

"ಸೈಕಲ್ ಮ್ಯಾಲ ಬರ್ರಿ," ಎಂದೆ, "ತೋರಸ್ತೀನಿ."