ಹಾಯಿಗೆ ಮಂಚದ ಬಿಗಿ

ಎಂಬತ್ತೊಂದನೆಯ ಇಸವಿ, ಸಂಕ್ರಾಂತಿಯ ಮರುದಿನ ಬೆಳಿಗ್ಗೆ. ನಾನು ಹೊಳೆದಂಡೆಯ ಊರಾದ ಗೂಗಲ್ಲಿನಲ್ಲಿ, ಗುಡಿಯ ಕೆಳಗೆ, ಹರಿಗೋಲು ಕಟ್ಟುವ ಬಂಡೆಯ ಮೇಲೆ ನಿಂತಿದ್ದೆ. ಬಿಸಿಲು ಬಲಗಡೆಗಿತ್ತು, ಹೊಳೆಯ ಮೇಲಿನದೆಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಇಲ್ಲದವರೇ ಈ ಕತೆಯನ್ನು ಹೆಚ್ಚು ಹೇಳಿದ್ದಾರೆ.

ರಾಯಚೂರಿನಲ್ಲಿ ಹತ್ತಿ ಜಿನ್ನು ನಡೆಸುತ್ತಿದ್ದ ಸಾಹುಕಾರನೊಬ್ಬ ಮುಂಬಯಿಯಿಂದ ಹಾಯಿದೋಣಿ ತರಿಸಿದ್ದ. ಅಲ್ಲಿ ಯಾರದೋ ದೋಣಿಯಲ್ಲಿ ಒಂದು ಮಧ್ಯಾಹ್ನ ಕೂತು ಬಂದವನು, ಬಂದಮೇಲೆ ಕಪ್ತಾನನ ಟೊಪ್ಪಿಗೆ ತಲೆಯಿಂದ ಇಳಿಸಿರಲಿಲ್ಲ.

ಹಾಯಿಗೆ ಅಡ್ಡಲಾಗಿ, ಕಂಬದ ಕಡೆಯಿಂದ ಹಿಂದಿನ ಅಂಚಿನವರೆಗೆ, ಉದ್ದನೆಯ ಕಿರುಚೀಲಗಳನ್ನು ಹೊಲಿದಿದ್ದರು. ಅವುಗಳೊಳಗೆ ತೆಳು ಪಟ್ಟಿ ತೂರಿಸಿ, ಹಿಂದಿನ ತುದಿಯಲ್ಲಿ ಹುರಿಯಿಂದ ಬಿಗಿದರೆ ಹಾಯಿ ಮುದುಡದೆ ನಿಲ್ಲುತ್ತದೆ. ಮುಂಬಯಿಯ ಪಟ್ಟಿಗಳು ಲಾರಿಯಲ್ಲೇ ಮುರಿದುಹೋಗಿದ್ದವು. ಸಾಹುಕಾರ ಬಿದಿರಿನ ದಬ್ಬೆ ಸೀಳಿಸಿದ. ಬಿಗಿಯಲು ಮಾನ್ವಿಯಿಂದ ನನ್ನ ಕಾಕಾನನ್ನು ಕರೆಸಿದ. ಕಾಕಾ ನವಾರು ಮಂಚ ಹೆಣೆಯುವವನು. ಅವನ ಜೊತೆ ನಾನೂ ಹೋಗಿದ್ದೆ.

ಹಾಯಿಯನ್ನು ಮರಳ ಮೇಲೆ ಹಾಸಿದರು. ಬಟ್ಟೆಯ ಸುಕ್ಕು ಹೋಗುವಷ್ಟು ಎಳೆದು ಕಾಕಾ ಮೊದಲ ದಬ್ಬೆ ಕಟ್ಟಿದ. ಅಲ್ಲಿಗೆ ಸಾಕಿತ್ತು. ಸಾಹುಕಾರ ಬೆರಳಿನಿಂದ ಹೊಡೆದು ನೋಡಿದ. ನಮ್ಮ ಕಡೆ ಹೊಸ ಮಂಚವನ್ನು ಹಾಗೆ ನೋಡುತ್ತಾರೆ. ಠಣ್ಣೆಂದರೆ ಮಾತ್ರ ಒಪ್ಪುತ್ತಾರೆ.

"ಏನಲೇ, ಸಡ್ಲದ ಇದು. ಕೈಯಾಗ ಕಸುವಿಲ್ಲೇನು? ನಿಮ್ಮ ಮಾನ್ವ್ಯಾಗ ಮಂಚದ ಮ್ಯಾಲ ಮಲಗಿದಾಂವಗ ನೆಲಾ ಹತ್ತತದೇನು?"

ಅವನ ಗೆಳೆಯರು, ನಗುವುದಕ್ಕೆಂದೇ ಬಂದವರು, ನಕ್ಕರು. ಕಾಕಾಗೆ ಮಾತು ನಾಟಿತು.

"ಸಡ್ಲ ಅಂತೀರೇನ್ರಿ ಸಾವ್ಕಾರ್ರ? ನೋಡ್ರಿ ಮತ್ತ."

ದಬ್ಬೆಯ ತುದಿಗೆ ಹಿಮ್ಮಡಿ ಕೊಟ್ಟು, ಮಂಚದ ಹಗ್ಗ ಜಗ್ಗುವಂತೆಯೇ ಜಗ್ಗಿದ. ಒಂದಾದ ಮೇಲೊಂದು ದಬ್ಬೆ ಬಿಲ್ಲಿನಂತೆ ಬಾಗಿತು. ಏರಿಸಿದಾಗ ಹಾಯಿ, ಗಾಳಿ ತಾಗುವ ಮೊದಲೇ, ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಬಹಳ ಮಟ್ಟಿಗೆ ಒಡೆಯನ ಹಾಗೇ ಇತ್ತು.

"ಠಣ್ ಅಂತು! ಇದು ಹಾಯಿ ಅಂದ್ರ!" ಎಂದ ಅವನು. ಭಾರಕ್ಕೆ ಇರಲೆಂದು ಕಾಕಾನನ್ನೂ ಹತ್ತಿಸಿಕೊಂಡ. ಕಾಕಾಗೆ ಈಜು ಬರುತ್ತಿರಲಿಲ್ಲ.

ನಡುಹೊಳೆಯವರೆಗೆ ಚೆನ್ನಾಗಿಯೇ ಹೋದರು. ದೋಣಿ ತಿರುಗಿಸಿದಾಗ ಹಾಯಿಯ ಹೊಟ್ಟೆಯೂ ಇನ್ನೊಂದು ಬದಿಗೆ ಮಗುಚಬೇಕು. ಮಗುಚಲಿಲ್ಲ. ಅಷ್ಟು ಬಿಗಿದ ದಬ್ಬೆಗಳು ಮೊದಲು ಎತ್ತ ಬಾಗಿದ್ದವೋ ಅತ್ತಲೇ ಬಾಗಿ ನಿಂತವು. ದೋಣಿ ಅಡ್ಡಡ್ಡ ಬಂಡೆಗಳ ಕಡೆ ಸರಿಯತೊಡಗಿತು.

"ಎದ್ದು ನೂಕಲೇ! ಕೈಲೆ ನೂಕು!" ಕಪ್ತಾನ ಕೂತಲ್ಲಿಂದಲೇ ಒದರುತ್ತಿದ್ದ.

ಕಾಕಾ ಎದ್ದ. ಹಾಯಿಯ ಹೊಟ್ಟೆಯನ್ನು ಎರಡೂ ಕೈಯಿಂದ ನೂಕಿದ, ಏನೂ ಆಗಲಿಲ್ಲ. ಭುಜ ಕೊಟ್ಟು ನೂಕಿದ. ನಡುವಿನ ದಬ್ಬೆ ಒಮ್ಮೆಲೇ ಮಗುಚಿ ಮುರಿಯಿತು. ಸೀಳಿದ ತುದಿ ಚೀಲ ಹರಿದುಕೊಂಡು ಬಂದು ಅವನ ಎಡಗಣ್ಣಿಗೆ ಬಡಿಯಿತು. ಅವನು ಮೆಲ್ಲಗೆ ಕೂತುಕೊಂಡ. ಅವನು ಕೂತ ರೀತಿಯನ್ನು ನಾನು ಇನ್ನೂ ನೋಡುತ್ತಿದ್ದೇನೆ.

ಅಂಬಿಗ ಹರಿಗೋಲು ಹಾಕಿಕೊಂಡು ಹೋಗಿ ದೋಣಿಯನ್ನು ದಡಕ್ಕೆ ಎಳೆದು ತಂದ. ಕೆಳಗಿಳಿದ ಸಾಹುಕಾರ ಮೊದಲು ಹಾಯಿ ಮುಟ್ಟಿ ನೋಡಿದ.

"ಛೇ, ಹೊಸಾ ಬಟ್ಟಿ ಹರೀತು."

ರಾಯಚೂರಿನ ದವಾಖಾನೆಯಲ್ಲಿ ಕಣ್ಣು ಉಳಿಯಲಿಲ್ಲ. ಸಾಹುಕಾರ ಪೇಟೆಯ ತುಂಬ ಹೇಳಿಕೊಂಡು ತಿರುಗಿದ: "ಹುಚ್ಚು ಗಾಳಿ ರೀ. ನಾ ಇದ್ದೆ ಅಂತ ಜೀವ ಉಳೀತು." ಅಂದಿನ ಗಾಳಿಗೆ ದಡದಲ್ಲಿ ಒಣಹಾಕಿದ ಸೀರೆಯ ಸೆರಗು ಅಲ್ಲಾಡುತ್ತಿತ್ತು, ಅಷ್ಟೇ.

ಕಾಕಾ ಈಗಿಲ್ಲ. ಅಂಬಿಗನೂ ಹೋದ. ಕಂಡವರಲ್ಲಿ ಬದುಕಿರುವವರು: ಅಂಬಿಗನ ಹೆಂಡತಿ, ಗೂಗಲ್ಲಿನಲ್ಲೇ ಇದ್ದಾಳೆ, ಕಾಕಾನ ಮುಖ ತೊಳೆದವಳು ಅವಳೇ. ಸಾಹುಕಾರನ ಜೀಪಿನ ಡ್ರೈವರ್, ದೇವದುರ್ಗದಲ್ಲಿ ಮಗಳ ಮನೆಯಲ್ಲಿದ್ದಾನೆ. ನಾನು. ಮತ್ತು ಸಾಹುಕಾರ, ಎರಡೂ ಕಣ್ಣು ನೆಟ್ಟಗಿದ್ದು.