ಕೌದಿಯಿಂದ ಬಿಚ್ಚಿದ ದಾರಿ

ಹಳೆ ಬಟ್ಟೆ ಒಂದರ ಮೇಲೊಂದು ಇಟ್ಟು ನಾನು ಹೊಲಿಯುವ ಕೌದಿಯ ಮೇಲೆ ಇಂಥ ಚಿತ್ತಾರ ಎಲ್ಲಿಂದ ಬರುತ್ತದೆ ಎಂದು ಕೇಳುತ್ತಾರೆ. ಕಣ್ಣಿಗೆ ಬಿದ್ದದ್ದು ಬರುತ್ತದೆ. ಬೇರೆ ಎಲ್ಲಿಂದ ಬಂದೀತು? ನನ್ನ ಕಣ್ಣಿಗೆ ಏನೂ ಬೀಳದ ಹಾಗೆ ಇಟ್ಟಿದ್ದ ದಿನಗಳ ಮಾತು ಬರೆಯುತ್ತೇನೆ.

ನಾನು ಸೊಲ್ಲಾಪುರದಲ್ಲಿ ಬೆಳೆದವಳು. ಅಪ್ಪ ತನ್ನ ಪಾಲಿನ ತುಂಡು ಹೊಲ ಬಿಟ್ಟು ಬಂದು ಬಟ್ಟೆ ಗಿರಣಿ ಸೇರಿದ್ದ. ನಮ್ಮ ಓಣಿಯ ತುಂಬ ಚಾದರ ನೇಯುವವರು. ನೆರೆಯವರಿಗೆ ನೂಲು ಸುತ್ತಿ ಕೊಡುತ್ತ, ಬಾಗಿಲಲ್ಲೇ ಕೂತು, ಹೋಗುವವರನ್ನೂ ಬರುವವರನ್ನೂ ನೋಡುತ್ತ ದೊಡ್ಡವಳಾದೆ. ಹದಿನಾರಕ್ಕೆ ಅಕ್ಕಲಕೋಟೆ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಅಕ್ಕಲಕೋಟೆಯ ಸಂಸ್ಥಾನ ಹೋಗಿ ನಾಲ್ಕೈದು ವರ್ಷವಾಗಿತ್ತು. ಅತ್ತೆಯ ಸಂಸ್ಥಾನ ಎಲ್ಲಿಗೂ ಹೋಗಿರಲಿಲ್ಲ.

ಹೊಲ ಬಹಳ ಇದ್ದ ಮನೆ. ಅಂಥ ಮನೆಯ ಸೊಸೆ ಹೊಲಕ್ಕೆ ಹೋಗುವುದಿಲ್ಲ, ಬಾವಿಗೆ ಹೋಗುವುದಿಲ್ಲ, ಮಾಳಿಗೆ ಏರುವುದಿಲ್ಲ. ಮಾಳಿಗೆ ಏರಿದವಳನ್ನು ಊರೆಲ್ಲ ನೋಡುತ್ತದೆ, ಮನೆಯ ಮಾನ ಹೋಗುತ್ತದೆ. ಬೆಳಕು ಹರಿಯುವ ಮುಂಚೆ ಅತ್ತೆಯ ಬೆನ್ನಿಗೆ ಹಿತ್ತಲಾಚೆ ಹೋಗಿ ಬರುವುದಷ್ಟೇ ನನಗೆ ಹೊರಗು. ಮದುವೆಯ ಬಂಡಿಯಲ್ಲಿ ಮುಖದ ಮೇಲೆ ಸೆರಗು ಎಳೆದುಕೊಂಡು ಬಂದವಳು, ಎರಡು ವರ್ಷವಾದರೂ ಆ ಊರು ಹೇಗಿದೆ ಎಂದು ನೋಡಿರಲಿಲ್ಲ. ತವರಿಗೂ ಒಮ್ಮೆಯೂ ಕಳಿಸಿರಲಿಲ್ಲ.

ಆ ವರ್ಷ ನಾದಿನಿ ಗಂಡನ ಊರು ನಾಗಣಸೂರಿನಿಂದ ಚೊಚ್ಚಲ ಬಸುರಿಯಾಗಿ ಬಂದಳು. ಬಾಣಂತಿಗೆ ಕೌದಿ ಬೇಕಿತ್ತು. ಅತ್ತೆ ಹಳೆ ಸೀರೆ, ಧೋತರಗಳ ಗಂಟು ತಂದು ನನ್ನ ಮುಂದೆ ಒಗೆದಳು.

"ನಾಗರಪಂಚಮಿ ಒಳಗ ಮುಗಿಸಿದಿ ಅಂದ್ರ ತವರಿಗಿ ಕಳಸ್ತೀನಿ. ನಿಮ್ಮಣ್ಣಗ ಬಾ ಅಂತ ಕಾಗದ ಹಾಕಸ್ತೀನಿ."

"ಖರೇನ್ರಿ, ಅತ್ತಿ?"

"ನನ್ನ ಬಾಯಾಗ ಎರಡು ನಾಲಿಗಿ ಅದಾವೇನ?"

ಆ ಊರಲ್ಲಿ ಕೌದಿ ಎಂದರೆ ಅಂಚಿನಿಂದ ನಡುವಿನ ತನಕ ನೆಟ್ಟನೆಯ ಹೊಲಿಗೆ, ಅಷ್ಟೇ. ನಾಲ್ಕು ಸುತ್ತು ಹಾಕುವುದರಲ್ಲಿ ನನಗೆ ಬೇಸರ ಬಂತು. ಸೊಲ್ಲಾಪುರದ ಚಾದರದ ಹೂವನ್ನು ನೆನಪಿನಿಂದ ತೆಗೆದು ಒಂದು ಚಿಂದಿಯ ಮೇಲೆ ಹಾಕಿ ನೋಡಿದೆ.

"ಇದೇನ ವೈನಿ, ಹೂವೋ ಉಳ್ಳಾಗಡ್ಡಿಯೋ?" ಎಂದು ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವಳು ಹೇಳಿದ್ದು ಸರಿಯೇ ಇತ್ತು. ಎರಡು ವರ್ಷ ನೋಡದ ಹೂವು ಕೈಗೆ ಬರುವುದಿಲ್ಲ.

ಮುಂಗಾರಿನ ಮಿರಗದ ಮಳೆಗೆ ಮುಂಚೆ ಒಂದು ಮಧ್ಯಾಹ್ನ ಮೋಡ ಕವಿಯಿತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಲು ಹಾಕಿತ್ತು. ಅತ್ತೆ ಯಾರದೋ ಮನೆಗೆ ಮಾತಾಡಿಸಲು ಹೋಗಿದ್ದಳು, ಆಳು ಹೆಂಗಸು ಬಂದಿರಲಿಲ್ಲ, ನಾದಿನಿಗೆ ಏಣಿ ಏರುವ ಹಾಗಿಲ್ಲ. ನಾನೇ ಏರಿದೆ. ಮೆಣಸಿನಕಾಯಿ ಬಳಿದು ಬುಟ್ಟಿಗೆ ತುಂಬಿದೆ. ಆಮೇಲೆ ಎದ್ದು ನಿಂತೆ.

ಕರಿ ಹೊಲ, ಕುಂಟೆ ಹೊಡೆದ ಸಾಲುಗಳು. ಎಲ್ಲ ನೆಟ್ಟಗೆ ಬಂದು ಬಾವಿಯ ಹತ್ತಿರ ಬಳುಕಿ, ಬಾವಿಯನ್ನು ಬಳಸಿ, ಆಚೆ ಮತ್ತೆ ನೆಟ್ಟಗಾಗಿದ್ದವು. ಬಾವಿಯ ಪಕ್ಕದಿಂದ ಬಂಡಿ ದಾರಿ ಹೊರಟು, ಒಂದು ಜಾಲಿ ಗಿಡಕ್ಕೆ ಸುತ್ತು ಹಾಕಿ, ಅಕ್ಕಲಕೋಟೆಯ ಕಡೆಗೆ ಹೋಗಿತ್ತು. ನಾನು ಬಂದ ದಾರಿ ಅದು. ಅವತ್ತೇ ಮೊದಲು ನೋಡಿದೆ.

ಆಮೇಲೆ ಅತ್ತೆ ಮಧ್ಯಾಹ್ನ ಮಲಗಿದಾಗ ಐದಾರು ಸಲ ಏರಿದೆ. ನಾದಿನಿ ಕಾವಲು ಕೂರುತ್ತಿದ್ದಳು. ಪುಕ್ಕಟೆ ಅಲ್ಲ, ನಾನು ಕದ್ದು ಕೊಡುವ ಹುಣಸೆಹಣ್ಣಿನ ಆಸೆಗೆ. "ವೈನಿ, ಲಗೂ ಇಳೀರಿ, ಅವ್ವ ಮಗ್ಗಲಾ ಬದಲಿಸ್ಯಾಳ!" ಎಂದು ಕೆಳಗಿನಿಂದ ಪಿಸುಗುಡುತ್ತಿದ್ದಳು.

ಕೈ ಓಡತೊಡಗಿತು. ಬಿಳಿ ದಾರದಲ್ಲಿ ಹೊಲದ ಸಾಲು. ಬಾವಿಗೆ ಮಾವನ ಹಳೆ ರುಮಾಲಿನ ಕೆಂಪು ತುಂಡು. ಸಾಲುಗಳು ಅದರ ಹತ್ತಿರ ಬಂದು ಬಳುಕಿದವು. ದಾರಿಗೆ ಹಳದಿ ದಾರದ ಎರಡು ಎಳೆ, ಜಾಲಿಗೆ ಒಂದು ಸುತ್ತು. ಪಂಚಮಿಗೆ ಎಂಟು ದಿನ ಇರುವಾಗಲೇ ಮುಗಿಸಿದೆ. ಅತ್ತೆಗೂ ಹಿಡಿಸಿತು. ಹಿಡಿಸಿದ್ದಕ್ಕೇ ಓಣಿಯ ಹೆಂಗಸರನ್ನು ಕರೆದು ಪಡಸಾಲೆಯಲ್ಲಿ ಹಾಸಿ ತೋರಿಸಿದಳು.

ನೆರೆಮನೆಯ ಮುದುಕಿ ಬಗ್ಗಿ ಕೂತು ಬೆರಳಿಟ್ಟಳು. "ಏ, ಇದು ನಿಮ್ಮ ಭಾಂವಿ ಅಲ್ಲೇನ? ಇದು ಜಾಲಿ ಗಿಡದ ತಿರುವು. ನೋಡ್ರೆವ್ವಾ, ಊರ ತಂದು ಕೌದಿಗಿ ಹಾಕ್ಯಾಳ!"

ಎಲ್ಲರೂ ನಕ್ಕರು. ಮುದುಕಿ ನಗು ಮುಗಿಯಲು ಬಿಟ್ಟು ಕೇಳಿದಳು, "ಅಲ್ಲಾ, ಒಳಗ ಕುಂದರೂ ಸೊಸಿಗಿ ಇದೆಲ್ಲಾ ಹ್ಯಾಂಗ ಗೊತ್ತಾತು?"

ಅತ್ತೆ ಕೌದಿಯ ಅಂಚು ಎತ್ತಿ ಮಡಿಚತೊಡಗಿದಳು.

"ನಾನ ಹೇಳೀನಿ," ಎಂದಳು ಅತ್ತೆ. "ನಾ ಹೇಳಿದಂಗ ಹೊಲಿದಾಳ. ಚಹಾ ಕುಡೀರಿ."

ಹೆಂಗಸರು ಹೋದ ಮೇಲೆ ಅತ್ತೆ ತಾನೇ ಏಣಿ ಹೊತ್ತುಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ ಬಂದಳು. ಬೈಯಲಿಲ್ಲ.

"ಭಾಂವಿ ಬಿಚ್ಚು, ದಾರಿ ಬಿಚ್ಚು. ನಾಳೆ ಹಡದ ಮ್ಯಾಲ ಇದನ್ನ ನಾಗಣಸೂರಿನ ಬೀಗರು ನೋಡ್ತಾರ. ಮಾಳಿಗಿ ಏರೂ ಸೊಸಿ ಐತಿ ಅಂತ ನನ್ನ ಮಗಳಿಗಿ ಅನ್ನಿಸಿಕೊಳ್ಳಾಕ ಹಚ್ಚಬ್ಯಾಡ. ಬಿಚ್ಚಿದಿ ಅಂದ್ರ ನಿಮ್ಮಣ್ಣನ ಕೂಡ ಹೋಗು. ಇಲ್ಲಂದ್ರ ಇಲ್ಲ."

ಬಿಚ್ಚಲಿಲ್ಲ ಎಂದು ಬರೆದರೆ ಓದುವವರಿಗೆ ಹಿತವಾದೀತು. ಬಿಚ್ಚಿದೆ. ಸೊಲ್ಲಾಪುರಕ್ಕೆ ಹೋಗಬೇಕಿತ್ತು ನನಗೆ. ಬಾವಿ ಕಿತ್ತೆ, ಹಳದಿ ಎಳೆಗಳನ್ನು ಒಂದೊಂದೇ ಎಳೆದು ತೆಗೆದೆ. ಬಾವಿಯ ಸುತ್ತ ಬಳುಕಿದ ಸಾಲುಗಳನ್ನೂ ಬಿಚ್ಚಿದೆ. ಮೂರು ದಿನ ಹಿಡಿಯಿತು. ತವರಿಗೆ ಒಯ್ಯಲು ಎರಡು ಸೀರೆ ಗಂಟು ಕಟ್ಟಿಟ್ಟೆ.

ಪಂಚಮಿಯ ಹಿಂದಿನ ದಿನ ಅಣ್ಣ ಬಂದು ಕಟ್ಟೆಯ ಮೇಲೆ ಕೂತ. ಅತ್ತೆ ಕೌದಿಯನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದಳು. ಹೊಸ ಬಟ್ಟೆಯಾಗಿದ್ದರೆ ಒಮ್ಮೆ ಒಗೆದರೆ ಸೂಜಿಯ ತೂತು ಮುಚ್ಚಿಕೊಳ್ಳುತ್ತಿತ್ತು. ಹತ್ತು ವರ್ಷ ಉಟ್ಟು ಸವೆದ ಸೀರೆ ಅದು. ದಾರ ಹೋದರೂ ತೂತಿನ ಸಾಲು ಹಾಗೇ ಉಳಿದಿತ್ತು. ಬಾವಿ ಅಲ್ಲೇ ಇತ್ತು, ದಾರಿ ಅಲ್ಲೇ ಇತ್ತು. ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು.

"ಇದರ ಮ್ಯಾಲ ಒತ್ತಾಗಿ ಹೊಲಿಗಿ ಹಾಕಿ ಮುಚ್ಚು. ಮುಚ್ಚಿ ಹೋಗು," ಎಂದಳು.

ಎರಡು ದಿನದ ಕೆಲಸ. ನಾನು ಬಾಗಿಲ ಸಂದಿನಿಂದ ಅಣ್ಣನಿಗೆ ಹೇಳಿದೆ, "ಎರಡು ದಿನ ನಿಲ್ಲಣ್ಣಾ."

"ಹ್ಯಾಂಗ ನಿಲ್ಲಲವ್ವಾ? ನಾಳೆ ರಾತ್ರಿ ಪಾಳಿ ಐತಿ. ಪಾಳಿ ತಪ್ಪಿದ್ರ ಗಿರಣಿಯವರು ಹೊರಗ ಹಾಕ್ತಾರ." ಆಮೇಲೆ ಅತ್ತೆಗೆ ಕೇಳುವಂತೆ, "ದೀಪಾವಳಿಗಿ ಬರ್ತೀನ್ರಿ," ಎಂದ.

ಊಟ ಮಾಡಿ ಹೋದ. ಎಲ್ಲಿ ತಿರುಗುತ್ತಾನೆ, ಯಾವ ಗಿಡ ದಾಟುತ್ತಾನೆ ಎಂದು ಗೊತ್ತಿತ್ತು ನನಗೆ. ತೂತಿನ ಮೇಲೆ ಸೂಜಿ ಹಾಕುತ್ತ ಕೂತೆ.

ನಾದಿನಿ ಹಡೆದಳು, ಕೌದಿ ಹೊದ್ದಳು, ಕೂಸನ್ನು ಎತ್ತಿಕೊಂಡು ತನ್ನ ಊರಿಗೆ ಹೋದಳು. ಅತ್ತೆ ತನಗೂ ಒಂದು ಕೌದಿ ಬೇಕೆಂದಳು. ಏಣಿ ಕೊಟ್ಟಿಗೆಯಲ್ಲೇ ಇತ್ತು. ನೋಡಲು ಅಡುಗೆ ಮನೆ ಬಿಟ್ಟರೆ ಏನೂ ಇರಲಿಲ್ಲ. ಅದರ ಬೆಳಕಿಂಡಿಯಿಂದ ಅಂಗೈಯಷ್ಟು ಬಿಸಿಲು ಗೋಡೆಗೆ ಬಿದ್ದು, ಇಳಿದು, ನೆಲ ದಾಟಿ, ಒಲೆಯ ಆಚೆಯ ಗೋಡೆ ಏರಿ ಹೋಗುತ್ತಿತ್ತು. ರೊಟ್ಟಿ ಬಡಿಯುವಾಗ, ಮುಸುರೆ ತಿಕ್ಕುವಾಗ ಅದು ನೆಲದ ಮೇಲೆ ಬಂದು ನಿಂತಲ್ಲೆಲ್ಲ ಒಂದೊಂದು ಜೋಳದ ಕಾಳು ಇಟ್ಟೆ. ಸಂಜೆಗೆ ಕಾಳುಗಳನ್ನು ನೋಡಿದರೆ ಒಂದು ಗೆರೆ, ಸ್ವಲ್ಪ ಡೊಂಕು. ವಾರ ಬಿಟ್ಟು ಇಟ್ಟರೆ ಗೆರೆ ನಾಲ್ಕು ಬೆರಳು ಸರಿದಿರುತ್ತಿತ್ತು. ಆ ಗೆರೆಗಳನ್ನೇ ಒಂದರ ಪಕ್ಕ ಒಂದು ಹೊಲಿದೆ.

"ಇದೇನ ಹೊಲಿದಿ?" ಎಂದು ಅತ್ತೆ ಕೇಳಿದಳು.

"ಅಡಗಿ ಮನಿ ನೆಲಾರಿ, ಅತ್ತಿ."

ಎರಡೂ ಮಗ್ಗುಲು ತಿರುಗಿಸಿ ನೋಡಿದಳು. ತಪ್ಪು ಹಿಡಿಯಲು ಏನೂ ಸಿಗಲಿಲ್ಲ. ಅವತ್ತೇ ಹೊದ್ದು ಮಲಗಿದಳು. ದೀಪಾವಳಿಗೂ ನನ್ನನ್ನು ಕಳಿಸಲಿಲ್ಲ.